ಅಜ್ಜಿಯ ಮಗ್ಗಲು ಬದಲಿಸುವವರು

"ಸಿಸ್ಟರ್, ನಿಮ್ಮ ಮೇಲಿನೋರು ಯಾರ್ರೀ?" ಎಂದು ಕೇಳಿದೆ.

ಹಾಸಿಗೆ ಹಿಡಿದ ಅಜ್ಜಿಯ ಬೆನ್ನುಹುಣ್ಣಿಗೆ ಔಷಧ ಹಚ್ಚಲು ಆದೋನಿಯ ನಮ್ಮ ಮನೆಗೆ ಬಂದಿದ್ದ ನರ್ಸ್ ತಲೆಯೆತ್ತಲಿಲ್ಲ. "ಯಾರೂ ಇಲ್ಲಪ್ಪ. ನಾವ ಮೂರು ಮಂದಿ ನರ್ಸ್‌ಗಳು ಕುಂತು ಮಾತಾಡಿ ಕೆಲಸ ಹಂಚಿಕೊಂತೀವಿ."

ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದ ನನ್ನ ನಾಲಿಗೆ ಸುಮ್ಮನಿದ್ದೀತೇ? ಇದು ಡ್ರೈವರಿಲ್ಲದ ಆಟೋ ಎಂದು ನಕ್ಕು, ಎಲ್ಲರೂ ಹೊಣೆಯೆಂದರೆ ಯಾರೂ ಹೊಣೆಯಲ್ಲವೆಂದು ಸಾಧಿಸಿಬಿಟ್ಟೆ.

ಆಕೆ ಅಜ್ಜಿಯನ್ನು ಮೆಲ್ಲಗೆ ಹೊರಳಿಸುತ್ತ ಹೇಳಿದರು: "ಖರೇ ಐತಿ. ನಿಮ್ಮ ಮನ್ಯಾಗ ಹುಕುಂ ಮಾಡೋರು ಐದು ಮಂದಿ ಅದಾರ. ಎರಡು ತಾಸಿಗೊಮ್ಮೆ ಅವ್ವನ ಮಗ್ಗಲು ಬದಲಿಸೋರು ಒಬ್ಬರೂ ಇರಲಿಲ್ಲ. ಈ ಹುಣ್ಣು ಹೆಂಗಾತು, ಹೇಳಪ್ಪ?"

ಆಕೆ ಅಂದು ಗೋಡೆಗೆ ಅಂಟಿಸಿಹೋದ, ಮಗ್ಗಲು ಬದಲಿಸುವ ಪಾಳಿಯ ಪಟ್ಟಿಯಲ್ಲಿ ಈಗ ಸಂಜೆ ನಾಲ್ಕಕ್ಕೆ ನನ್ನ ಹೆಸರಿದೆ. ಅಜ್ಜಿ ಮೂರೂವರೆಯಿಂದಲೇ ಬಾಗಿಲ ಕಡೆ ನೋಡುತ್ತಿರುತ್ತಾಳೆ.