ಟೈಲರಕ್ಕನ ಅಂಕುಡೊಂಕು ಹೊಲಿಗೆ

ನಮ್ಮ ಊರಿಗಾಂ ಪೇಟೆಯ ಟೈಲರಕ್ಕ ಯಾರ ಹೆಸರನ್ನೂ ನೆನಪಿಟ್ಟುಕೊಳ್ಳುತ್ತಿರಲಿಲ್ಲ; ಎಲ್ಲರನ್ನೂ ಸೊಂಟದ ಅಳತೆಯಿಂದಲೇ ಕರೆಯುತ್ತಿದ್ದಳು. ನಾನು ಮೂವತ್ತೆರಡು.

ಆಗ ನಾನು ಫ್ಯಾಕ್ಟರಿಯಲ್ಲಿ ಹೊಸ ಎಂಜಿನಿಯರ್. ಕರೆಂಟು ಹರಿಯುವ ಬೆಳ್ಳಿ ಲೇಪದ ನೂಲನ್ನು ಮಂಡಿಪಟ್ಟಿಗೆ ಹೊಲಿದಿದ್ದೆ. ಮಂಡಿ ಎಷ್ಟು ಬಾಗಿತೆಂದು ಅದು ಕಂಪ್ಯೂಟರಿಗೆ ತಿಳಿಸಬೇಕಿತ್ತು. ಬಾಗಿದಾಗೆಲ್ಲ ನೂಲೇ ತುಂಡಾಗುತ್ತಿತ್ತು. ಮರುದಿನ ದೊಡ್ಡ ಸಾಹೇಬರಿಗೆ ತೋರಿಸದಿದ್ದರೆ ನನ್ನ ಪ್ರಾಜೆಕ್ಟು ಅಲ್ಲಿಗೇ ಮುಗಿಯುತ್ತಿತ್ತು. ಅಳುಮುಖ ಹೊತ್ತು ಅಕ್ಕನ ಬಳಿಗೆ ಓಡಿದೆ.

ಅವಳು ಪಟ್ಟಿಯನ್ನು ಎಳೆದು ನೋಡಿದಳು. "ಎಳೆದ್ರೆ ಇಗ್ಗೋ ಬಟ್ಟೆಗೆ ನೆಟ್ಟಗೆ ಒಲ್ದ್ರೆ ದಾರ ಕಿತ್ಕೊಳ್ದೆ ಏನ್ ಮಾಡ್ತದೆ? ಏನ್ ಓದಿದ್ದೀಯಮ್ಮಾ ಮೂವತ್ತೆರಡು?"

"ಎಂ.ಟೆಕ್. ಅಕ್ಕಾ."

"ಪರ್ವಾಗಿಲ್ಲ ಬುಡು, ಈಗ ಕಲ್ತ್ಕೊ."

ಬಟ್ಟೆ ಹಿಗ್ಗಿದರೂ ನೂಲು ಬಿಗಿಯದಂತೆ ಅಂಕುಡೊಂಕಾಗಿ ಹೊಲಿದುಕೊಟ್ಟಳು. ಮರುದಿನ ಅವಳನ್ನೂ ಕರೆದೊಯ್ದೆ. ಸಾಹೇಬರು ಪ್ಯಾಂಟಿನ ಮೇಲೆಯೇ ಪಟ್ಟಿ ಏರಿಸಿಕೊಂಡು ಬಸ್ಕಿ ಹೊಡೆದರು. ಪರದೆಯ ಮೇಲೆ ಗೆರೆ ಚೆನ್ನಾಗಿ ಏರಿಳಿಯಿತು. ಎಲ್ಲರೂ ಪರದೆ ನೋಡಿ ಚಪ್ಪಾಳೆ ತಟ್ಟಿದರು. ಅಕ್ಕ ಮಾತ್ರ ಸಾಹೇಬರ ಹಿಂದೆ ನಿಂತು ಅವರನ್ನೇ ನೋಡುತ್ತಿದ್ದಳು.

"ನಮ್ ದಾರ ತಡ್ಕೊಂಡದೆ ಸಾರ್. ನಿಮ್ ಪ್ಯಾಂಟ್ ಹಿಂದ್ಗಡೆ ಒಲ್ಗೆ ಬಿಟ್ಕೊಂಡದೆ. ಮೆಲ್ಲಗೆ ಏಳಿ."

ಸಾಹೇಬರು ನನ್ನ ಪ್ರಾಜೆಕ್ಟಿನ ಕಾಗದಕ್ಕೆ ಸಹಿ ಹಾಕಿ, ಗೋಡೆಗೆ ಬೆನ್ನು ತಾಗಿಸಿಕೊಂಡೇ ಹೊರಗೆ ನಡೆದರು.