ಸರ್ವರ್ ಉಸಿರುಕಟ್ಟುವ ಹೊತ್ತು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ದಿನಾ ಗುಂಡ್ಲುಪೇಟೆಯಿಂದ ತೆರಕಣಾಂಬಿ ಮೇಲೆ ಹೋಗುವ ಬಸ್ಸು ಹಿಡಿದು ಚಾಮರಾಜನಗರಕ್ಕೆ ಹೋಗುತ್ತಿದ್ದೆ. ಅಲ್ಲಿ ಕರಿಕಲ್ಲು ಪಾಲಿಶ್ ಮಾಡುವ ಒಂದು ಕಾರ್ಖಾನೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಅದಿನ್ನೂ ಖಾಯಂ ಆಗಿರಲಿಲ್ಲ. ಕಲ್ಲಿನ ದಾಸ್ತಾನು, ಲಾರಿಗೆ ಹೇರಿದ ಲೋಡು, ಎಲ್ಲ ವಿವರವೂ ಒಂದೇ ಸರ್ವರಿನ ಡೇಟಾಬೇಸಿನಲ್ಲಿತ್ತು. ಆ ಸರ್ವರೋ ದಿನಕ್ಕೊಮ್ಮೆ ಉಸಿರುಕಟ್ಟಿ ನಿಂತುಬಿಡುತ್ತಿತ್ತು.

"ತಿಂಗಳೊಳಗೆ ಸರಿಮಾಡಿ, ಇಲ್ಲಾಂದ್ರೆ ಬೇರೆ ಕಡೆ ನೋಡ್ಕೊಳ್ಳಿ" ಎಂದರು ಮಾಲೀಕರು. ನಗುತ್ತಲೇ ಹೇಳಿದರು. ಅದಕ್ಕೇ ನನಗೆ ಹೆಚ್ಚು ಭಯವಾಯಿತು.

ಐದೈದು ನಿಮಿಷಕ್ಕೊಮ್ಮೆ ಡೇಟಾಬೇಸನ್ನು ವಿಚಾರಿಸಿ, ಎಷ್ಟು ಕೆಲಸ ನಡೆಯುತ್ತಿದೆ, ಎಷ್ಟು ಕಾಯುತ್ತಿದೆ ಎಂದು ಬರೆದಿಡುವ ಸಣ್ಣ ಪ್ರೋಗ್ರಾಮ್ ಹಾಕಿದೆ. ಸಂಜೆ ಆ ಲೆಕ್ಕವನ್ನು ಗ್ರಾಫ್ ಹಾಳೆಗೆ ಇಳಿಸಿ, ಸರ್ವರ್ ನಿಂತ ಹೊತ್ತನ್ನು ಕೆಂಪು ಇಂಕಿನಲ್ಲಿ ಬರೆದು ಗೋಡೆಗೆ ಅಂಟಿಸುತ್ತಿದ್ದೆ. ಸೋಮವಾರ ಒಂಬತ್ತು, ಮಂಗಳವಾರ ನಾಲ್ಕೂವರೆ, ಶುಕ್ರವಾರ ಹನ್ನೆರಡು, ಶನಿವಾರ ಹತ್ತೂವರೆ. ತಲೆಬುಡ ಇಲ್ಲ. ವೋಲ್ಟೇಜನ್ನು ಬೈದೆ, ಕೇಬಲ್ಲು ಬದಲಾಯಿಸಿದೆ, ಕಲ್ಲಿನ ಧೂಳಿನ ಮೇಲೂ ಗುಮಾನಿಪಟ್ಟೆ. ಎರಡನೇ ವಾರವೂ ಅದೇ ದಿನ, ಅದೇ ಹೊತ್ತು.

ಟೀ ತರುತ್ತಿದ್ದ ಬದನಗುಪ್ಪೆಯ ಅಕ್ಕ ಒಂದು ದಿನ ಗೋಡೆಯ ಮುಂದೆ ನಿಂತಳು.

"ಇದೇನ್ ಸಾ, ರಾವುಕಾಲ ಮುಗಿಯೋ ವತ್ತನ್ನೆಲ್ಲ ಬರ್ದು ಅಂಟಿಸ್ಬುಟ್ಟಿದ್ದೀರಿ? ನಿಮ್ತಾವ ಕ್ಯಾಲೆಂಡರ್ ಇಲ್ವಾ?"

ಕ್ಯಾಲೆಂಡರ್ ತೆಗೆದು ನೋಡಿದೆ. ಒಂದು ನಿಮಿಷವೂ ಆಚೀಚೆ ಇರಲಿಲ್ಲ. ರಾಹುಕಾಲದಲ್ಲಿ ಹೊಸ ಲೋಡು ದಾಖಲಿಸಬಾರದೆಂಬುದು ಮಾಲೀಕರದೇ ಕಟ್ಟಳೆ. ಆಫೀಸಿನ ಎಂಟು ಜನ ಗುಮಾಸ್ತರೂ ಆ ಒಂದೂವರೆ ಗಂಟೆಯಲ್ಲಿ ಬಂದ ಕಾಗದಗಳನ್ನು ಟೈಪು ಮಾಡಿಟ್ಟುಕೊಂಡು, ಎಂಟರ್ ಕೀಲಿಯ ಮೇಲೆ ಬೆರಳಿಟ್ಟು ಗಡಿಯಾರ ನೋಡುತ್ತಾ ಕೂತು, ಮುಗಿದ ಗಳಿಗೆಗೆ ಒಟ್ಟಿಗೇ ಒತ್ತುತ್ತಿದ್ದರು. ರಿಜಿಸ್ಟರಿನ ಕಾಲದಲ್ಲಿ ತಲೆಗೊಂದು ಪುಸ್ತಕವಿತ್ತು, ತೊಂದರೆಯಾಗಿರಲಿಲ್ಲ. ಈಗ ಎಂಟೂ ಜನರ ಹೊರೆ ಒಮ್ಮೆಗೇ ಒಂದೇ ಸರ್ವರಿನ ಮೇಲೆ ಬೀಳುತ್ತಿತ್ತು.

"ಆ ವತ್ನಲ್ಲಿ ಯಾರೂ ಟೀ ಮುಟ್ಟಲ್ಲ ಸಾ, ಆರೋಯ್ತದೆ" ಎಂದಳು ಅಕ್ಕ. ಅವಳ ದೂರು ಅದು.

ನನಗೆ ಎರಡು ವಾರ ದಂಡವಾದ ಸಿಟ್ಟು. ಆದರೆ ರಾಹುಕಾಲ ಬಿಡಿ ಎಂದು ಮಾಲೀಕರಿಗೆ ಹೇಳಿದರೆ ನನ್ನ ಕೆಲಸವೇ ಹೋಗುತ್ತಿತ್ತು. ರಾಹುಕಾಲ ಕಳೆದ ಮೇಲೆ ಹತ್ತು ನಿಮಿಷಕ್ಕೊಬ್ಬರಂತೆ ಸರದಿ ಬರೆದೆ. "ನಾ ಯಾಕ್ಲಾ ಇಂದ್ಕೆ ಓಗ್ಲಿ?" ಎಂದು ಗುಮಾಸ್ತರು ತಮ್ಮತಮ್ಮಲ್ಲೇ ಜಗಳ ತೆಗೆದರು. ಮೊದಲ ಸರದಿ ದಿನಕ್ಕೊಬ್ಬರಿಗೆ ಎಂದಾಗ ಒಪ್ಪಿದರು. ಸರ್ವರ್ ನಿಲ್ಲುವುದು ನಿಂತಿತು.

ತಿಂಗಳ ಕೊನೆಯ ಶುಕ್ರವಾರ ಹನ್ನೊಂದಕ್ಕೆ ಮಾಲೀಕರು ಕರೆದರು. ನನ್ನನ್ನು ಖಾಯಂ ಮಾಡುವ ಪತ್ರ ಮೇಜಿನ ಮೇಲಿತ್ತು. ಪೆನ್ನಿನ ಮುಚ್ಚಳ ತೆಗೆದವರು ಕ್ಯಾಲೆಂಡರಿನತ್ತ ನೋಡಿ ಮತ್ತೆ ಮುಚ್ಚಿದರು.

"ಹನ್ನೆರಡಾಗ್ಲಿ. ಕೂತ್ಕೊಳ್ಳಿ."

ಕೂತೆ. ಇನ್ನೊಂದು ಗಂಟೆಯಲ್ಲಿ ಇವರ ಮನಸ್ಸು ಬದಲಾದರೆ? ಈಗಲೇ ಹಾಕಿಬಿಡಿ ಸಾರ್ ಎನ್ನಲು ಬಾಯಿ ತೆರೆದೆ. ಆಮೇಲೆ, ಯಾಕೆ ಬೇಕು, ಎಂದು ಮುಚ್ಚಿಕೊಂಡೆ. ಅಕ್ಕ ಟೀ ತಂದಿಟ್ಟಳು. ನಾನು ಗಡಿಯಾರ ನೋಡುತ್ತಿದ್ದೆ.

"ಕುಡೀರಿ ಸಾ, ಆರೋಯ್ತದೆ" ಎಂದಳು.

ಮುಟ್ಟಲಿಲ್ಲ.