ಎರಡು ಚೌಕದ ಸರ್

ಬಾಗಲಕೋಟೆಯ ಕಾಲೇಜಿನಲ್ಲಿ ನಮಗೆ ಸಮಗ್ರ ಅರ್ಥಶಾಸ್ತ್ರ ಕಲಿಸುತ್ತಿದ್ದ ಸರ್‌ಗೆ ತಮ್ಮ ಪಾಠದ ಮೇಲೆ ತಮಗೇ ಅನುಮಾನ. ಬೋರ್ಡಿನ ಮೇಲೆ ಬರೆದದ್ದನ್ನು ಎರಡು ಹೆಜ್ಜೆ ಹಿಂದೆ ಸರಿದು ನೋಡುವರು, ಚಾಕ್‌ಪೀಸಿನಿಂದ ಕಿವಿ ಕೆರೆದುಕೊಂಡು, "ತಡೀರಿ, ಎಲ್ಲೋ ತಪ್ಪೈತಿ" ಎನ್ನುವರು. ಅಷ್ಟರಲ್ಲಿ ನಾವು ಅದನ್ನು ಬರೆದುಕೊಂಡಾಗಿರುತ್ತಿತ್ತು.

ಒಂದು ದಿನ ಎರಡು ಚೌಕ ಬರೆದರು. ಒಂದು ಮನೆ, ಇನ್ನೊಂದು ಕಾರ್ಖಾನೆ. ಮನೆಯವರು ಕಾರ್ಖಾನೆಗೆ ಹೋಗಿ ದುಡಿಯುತ್ತಾರೆ, ಅಲ್ಲಿಂದ ಕೂಲಿ ಮನೆಗೆ ಬರುತ್ತದೆ, ದೇಶವೆಲ್ಲ ಹೀಗೇ ತಿರುಗುತ್ತದೆ ಎಂದರು. ಗುಳೇದಗುಡ್ಡದ ನಮ್ಮ ಮನೆಯಲ್ಲಿ ಮಗ್ಗ ಅಡುಗೆಮನೆಗೆ ಅಂಟಿಕೊಂಡೇ ಇತ್ತು.

"ಸರ, ನಮ್ಮ ಮಗ್ಗ ಮನಿಯೊಳಗ ಐತ್ರಿ. ಯಾವ ಚೌಕದಾಗ ಹಾಕ್ಲಿ?" ಎಂದೆ.

ಅವರು ಒಂದು ಚೌಕದೊಳಗೆ ಇನ್ನೊಂದನ್ನು ಬರೆದರು. ಬಾಣ ಎಲ್ಲಿಗೆ ಎಳೆಯಬೇಕೆಂದು ತಿಳಿಯದೆ ಎಲ್ಲವನ್ನೂ ಅಳಿಸಿದರು. ಗಂಟೆ ಹೊಡೆಯಿತು.

ಆ ಭಾನುವಾರ ಸರ್ ನಮ್ಮ ಬಾಗಿಲಲ್ಲಿ ನಿಂತಿದ್ದರು. ಮಗ್ಗದಲ್ಲಿ ಕುಪ್ಪಸದ ಖಣ ನೇಯುತ್ತಿದ್ದ ಅವ್ವನನ್ನು ಬಹಳ ಹೊತ್ತು ನೋಡಿ ಕೇಳಿದರು: "ಅಕ್ಕಾರ, ನೀವೀಗ ಮನ್ಯಾಗ ಅದೀರೋ, ಕೆಲಸದಾಗ ಅದೀರೋ?"

ಅವ್ವ ಗಾಬರಿಯಿಂದ ನನ್ನ ಮುಖ ನೋಡಿದಳು. ಆಮೇಲೆ, ಕೈಯ ಲಾಳಿ ನಿಲ್ಲಿಸದೆ, "ಬ್ಯಾಳಿ ಕುದಿಯಾಕತ್ತೈತ್ರಿ, ಉಂಡು ಹೋಗ್ರಿ" ಎಂದಳು.

ಸರ್ ಉಂಡು ಹೋದರು.

ಮುಂದಿನ ಕಿರುಪರೀಕ್ಷೆಯಲ್ಲಿ ಅದೇ ಚಿತ್ರ ಕೇಳಿದ್ದರು. ಅಂಕ ಹೋದೀತೆಂದು ಹೆದರಿ ನಾನು ಪುಸ್ತಕದಲ್ಲಿದ್ದಂತೆ ಎರಡೇ ಚೌಕ ಬರೆದೆ. ಹತ್ತಕ್ಕೆ ಹತ್ತು ಬಂತು. ಅದರ ಕೆಳಗೆ ಕೆಂಪು ಶಾಯಿಯಲ್ಲಿ ಕೇಳಿದ್ದರು: "ಮಗ್ಗ ಎಲ್ಲಿ ಹೋತು?"